ಕೊಳಕುಮಂಡಲ ಕಚ್ಚಿ ಎರಡು ವರ್ಷವಾದರೂ ತಮ್ಮನ ಸುಸ್ತು ಹೋಗಿಲ್ಲ: ನಂಜು ಮೈಯಲ್ಲಿ ಉಳಿದಿರಬಹುದೇ?

ಪ್ರಶ್ನೆ: ಗಣಿತದ ಮಾಸ್ತರ, ಚಿತ್ತಾಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕೇಳಬೇಕಾಗಿರುವುದು ನನ್ನ ತಮ್ಮನ ವಿಷಯ. ಅವನಿಗೆ ಈಗ 34 ವರ್ಷ, ಮನೆಯ ಎರೆ ಹೊಲ ನೋಡಿಕೊಳ್ಳುವವನು ಅವನೇ. ಎರಡು ವರ್ಷದ ಹಿಂದೆ ತೊಗರಿ ಕೊಯ್ದು ಹಾಕಿದ್ದ ಸೂಡುಗಳನ್ನು ರಾಶಿಗೆಂದು ಎತ್ತುತ್ತಿದ್ದಾಗ ಬಲಗಾಲಿಗೆ ಕೊಳಕುಮಂಡಲ ಕಚ್ಚಿತು. ಜೊತೆಗಿದ್ದವರೆಲ್ಲ ಹಾವನ್ನು ಕಂಡಿದ್ದಾರೆ, ಗುರುತಿನಲ್ಲಿ ಅನುಮಾನವಿಲ್ಲ. ಮೊದಲು ಮಂತ್ರ ಹಾಕಿಸಲು ಕರೆದೊಯ್ದು ಮೂರು ತಾಸು ಕಳೆದೆವು. ಅದು ನಮ್ಮದೇ ತಪ್ಪು. ಆಸ್ಪತ್ರೆಗೆ ಸೇರಿಸಿದ ಮರುದಿನ ಮೂತ್ರ ನಿಂತಿತು. ಎರಡೂ ಕೆನ್ನೆ ಬಾತುಕೊಂಡು, ಕಣ್ಣಿನ ಬಿಳಿಭಾಗ ನೀರುಗುಳ್ಳೆಯಂತೆ ಉಬ್ಬಿ ರೆಪ್ಪೆಯ ಹೊರಗೆ ಬಂದಿತ್ತು. ಒಂಬತ್ತು ಸಲ ಡಯಾಲಿಸಿಸ್ ಆದ ಮೇಲೆ ಮೂತ್ರಪಿಂಡ ಚೇತರಿಸಿತು, ಕ್ರಿಯಾಟಿನಿನ್ ಸಹಜ ಮಟ್ಟಕ್ಕೆ ಬಂತು, 21ನೆಯ ದಿನ ಮನೆಗೆ ಬಂದ.

ಆದರೆ ಅಲ್ಲಿಂದ ಇಲ್ಲಿಯವರೆಗೆ ಅವನು ಮೊದಲಿನ ಮನುಷ್ಯನಾಗಲೇ ಇಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ಭಾಗದ ಬಿಸಿಲು ಹೇಗಿರುತ್ತದೆಂದು ನಿಮಗೆಲ್ಲ ಗೊತ್ತು. ಅಂಥ ಬಿಸಿಲಿನಲ್ಲಿ ಅವನು ಕೌದಿ ಹೊದ್ದು ಮಲಗುತ್ತಾನೆ. ಮೂರು ರೊಟ್ಟಿ ಉಣ್ಣುತ್ತಿದ್ದವನಿಗೆ ಅರ್ಧ ರೊಟ್ಟಿ ಸಾಕಾಗಿದೆ. ಎದ್ದು ನಿಂತರೆ ತಲೆ ತಿರುಗುತ್ತದೆ, ಮುಖ ಬಿಳುಚಿದೆ. ಎಂಟು ತಿಂಗಳಿಂದ ಗಡ್ಡ ಬೋಳಿಸಿಲ್ಲ, ಬೋಳಿಸುವಷ್ಟು ಗಡ್ಡ ಬರುತ್ತಲೂ ಇಲ್ಲ. ದಾಂಪತ್ಯದ ವಿಷಯದಲ್ಲಿಯೂ ಆಸಕ್ತಿ ಹೋಗಿದೆ ಎಂದು ಅವನ ಹೆಂಡತಿ ನನ್ನ ಮನೆಯವರ ಹತ್ತಿರ ಸಂಕೋಚದಿಂದ ಹೇಳಿಕೊಂಡಿದ್ದಾಳೆ. ವಾಂತಿಯಾಗಿ ಎರಡು ಸಲ ಆಸ್ಪತ್ರೆಗೆ ಸೇರಿಸಿದೆವು. ಎರಡೂ ಸಲ ರಕ್ತದಲ್ಲಿ ಸೋಡಿಯಂ ಕಡಿಮೆ ಇತ್ತು (118 ಮತ್ತು 121), ಸಲೈನ್ ಏರಿಸಿ ಕಳಿಸಿದರು. ಥೈರಾಯ್ಡ್ ಪರೀಕ್ಷೆ ಎಂದು ಟಿ.ಎಸ್.ಎಚ್. ಮಾಡಿಸಿದರು, 2.6 ಬಂತು, ನಾರ್ಮಲ್ ಎಂದರು.

ನಂಜು ಇನ್ನೂ ಎಲುಬಿನಲ್ಲಿ ಕೂತಿದೆ ಎಂಬುದು ನಮ್ಮ ತಾಯಿಯ ನಂಬಿಕೆ. ಅದಕ್ಕಾಗಿ ಕಾಲಿಗೆ ದಾರ ಕಟ್ಟಿಸಿದ್ದಾರೆ, ಪಕ್ಕದ ಊರಿನವರೊಬ್ಬರ ಪುಡಿಯನ್ನೂ ಕೊಡುತ್ತಿದ್ದಾರೆ. ಹಾವಿನ ವಿಷ ಎರಡು ವರ್ಷ ಮೈಯಲ್ಲಿ ಉಳಿಯುವುದು ಸಾಧ್ಯವೇ? ಉಳಿಯದಿದ್ದರೆ ಈ ಸ್ಥಿತಿಗೆ ಕಾರಣವೇನು? ಇದರ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದ್ದಾರೆಯೇ?

ಉತ್ತರ 1: ಫಿಜಿಷಿಯನ್, ಕಲಬುರಗಿ

ಮಾಸ್ತರರೇ, ರೋಗಿಯನ್ನು ನೋಡದೆ ರೋಗ ಇಂಥದ್ದೇ ಎಂದು ಹೇಳುವುದು ಸರಿಯಲ್ಲ. ಆದರೂ ನೀವು ಬರೆದಿರುವ ವಿವರಗಳನ್ನು ಓದಿದ ಮೇಲೆ ಸುಮ್ಮನಿರುವುದು ಅದಕ್ಕಿಂತ ದೊಡ್ಡ ತಪ್ಪಾಗುತ್ತದೆ. ತಮ್ಮನವರ ಪಿಟ್ಯೂಟರಿ ಗ್ರಂಥಿಯನ್ನು (ದೇಹದ ಬೇರೆ ಹಾರ್ಮೋನು ಗ್ರಂಥಿಗಳಿಗೆ ಆದೇಶ ಕಳಿಸುವ ಗ್ರಂಥಿ) ಪರೀಕ್ಷಿಸಬೇಕು, ಅದೂ ಈ ವಾರವೇ.

ವಿಷ ಉಳಿದಿಲ್ಲ. ಪ್ರತಿವಿಷ ಕೊಟ್ಟ ಮೇಲೆ ರಕ್ತದಲ್ಲಿರುವ ವಿಷ ಕೆಲವೇ ದಿನಗಳಲ್ಲಿ ಇಲ್ಲವಾಗುತ್ತದೆ. ಆದರೆ ಅದು ಇದ್ದಷ್ಟು ಹೊತ್ತಿನಲ್ಲಿ ಮಾಡಿದ ಹಾನಿ ಉಳಿಯಬಹುದು. ಆ ಅರ್ಥದಲ್ಲಿ ನಿಮ್ಮ ತಾಯಿಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅವರು ಎಲುಬನ್ನು ಶಂಕಿಸಿದ್ದಾರೆ, ನಾನು ತಲೆಯೊಳಗಿನ ಒಂದು ಗ್ರಂಥಿಯನ್ನು ಶಂಕಿಸುತ್ತಿದ್ದೇನೆ.

ಕೊಳಕುಮಂಡಲದ ವಿಷದಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳಿವೆ. ನಮ್ಮ ರಕ್ತದಲ್ಲಿರುವ ಫ್ಯಾಕ್ಟರ್ 10 ಎಂಬ ಪ್ರೋಟೀನನ್ನು ಒಂದು ಕಿಣ್ವ, ಫ್ಯಾಕ್ಟರ್ 5 ಅನ್ನು ಇನ್ನೊಂದು ಕಿಣ್ವ ಚುರುಕುಗೊಳಿಸುತ್ತದೆ. ಅದರಿಂದ ಸಣ್ಣ ರಕ್ತನಾಳಗಳಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹೆಪ್ಪುಗಳು ಕೂತುಬಿಡುತ್ತವೆ. ಹೀಗೆ ಹೆಪ್ಪು ಕಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನ್ ಎಲ್ಲ ಖರ್ಚಾಗಿ ಹೋದ ಮೇಲೆ ಉಳಿದ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ವಸಡಿನಿಂದ, ಮೂತ್ರದಲ್ಲಿ, ಸೂಜಿ ಚುಚ್ಚಿದ ಜಾಗದಿಂದ ಸೋರತೊಡಗುತ್ತದೆ. ಇದರ ಜೊತೆಗೆ ಸತು ಇರುವ ಮತ್ತೊಂದು ಜಾತಿಯ ಕಿಣ್ವಗಳು ಲೋಮನಾಳಗಳ ಗೋಡೆಯನ್ನೇ ಸಡಿಲಿಸುತ್ತವೆ. ನಿಮ್ಮ ತಮ್ಮನ ಕೆನ್ನೆ ಬಾತದ್ದು, ಕಣ್ಣಿನ ಬಿಳಿಭಾಗ ಉಬ್ಬಿದ್ದು ರಕ್ತನಾಳಗಳಿಂದ ನೀರಿನಂಶ ಹೀಗೆ ಸೋರಿದ್ದರ ಗುರುತು. ನೀವು ಬರೆದದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಾಕ್ಯ ಅದೇ. ಕೆನ್ನೆ, ಕಣ್ಣು ಹಾಗೆ ಉಬ್ಬಿದವರಲ್ಲಿ ಮತ್ತು ಡಯಾಲಿಸಿಸ್ ಬೇಕಾಗುವಷ್ಟು ಮೂತ್ರಪಿಂಡ ಕೆಟ್ಟವರಲ್ಲಿ ಪಿಟ್ಯೂಟರಿಯ ತೊಂದರೆ ಹೆಚ್ಚಾಗಿ ಕಂಡುಬಂದಿದೆ.

ಪಿಟ್ಯೂಟರಿ ಕಡಲೆಕಾಳಿನಷ್ಟು ಗಾತ್ರದ, ಅರ್ಧ ಗ್ರಾಮಿನಷ್ಟು ತೂಕದ ಗ್ರಂಥಿ. ಮೂಗಿನ ಹಿಂದೆ, ಮಿದುಳಿನ ಬುಡದ ಎಲುಬಿನ ಗೂಡಿನಲ್ಲಿ ಕೂತಿರುತ್ತದೆ. ಅದರ ಮುಂಭಾಗಕ್ಕೆ ರಕ್ತ ಬರುವುದು ಬಹುಪಾಲು ಒತ್ತಡ ಕಡಿಮೆಯಿರುವ ಸಣ್ಣ ಅಭಿಧಮನಿಗಳ ಮೂಲಕ. ಒಂದೆಡೆ ರಕ್ತದೊತ್ತಡ ಕುಸಿದು, ಇನ್ನೊಂದೆಡೆ ಆ ನಾಳಗಳಲ್ಲಿ ಹೆಪ್ಪು ಕೂತರೆ ಅಲ್ಲಿಯ ಜೀವಕೋಶಗಳು ಸಾಯುತ್ತವೆ. ಕೆಲವರಲ್ಲಿ ಗ್ರಂಥಿಯೊಳಗೇ ರಕ್ತಸ್ರಾವವಾಗುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ಬಾಣಂತಿಯರಿಗೆ ಹೀಗಾಗುವುದನ್ನು 1937ರಲ್ಲಿ ಶೀಹನ್ ಎಂಬ ವೈದ್ಯರು ವಿವರಿಸಿದರು. ಬರ್ಮಾದಲ್ಲಿ ಕೊಳಕುಮಂಡಲ ಕಚ್ಚಿದವರಿಗೂ ಅದನ್ನೇ ಹೋಲುವ ಸ್ಥಿತಿ ಬರುತ್ತದೆಂದು ತುನ್ ಪೆ, ಡೇವಿಡ್ ವಾರೆಲ್ ಮೊದಲಾದವರು 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಂದೀಚೆಗೆ ಭಾರತದಿಂದಲೂ ಶ್ರೀಲಂಕಾದಿಂದಲೂ ಇಂಥ ರೋಗಿಗಳ ವರದಿಗಳು ಬಂದಿವೆ. ಕೆಲವರಲ್ಲಿ ಇದು ಕಚ್ಚಿದ ವಾರದಲ್ಲೇ ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ತಿಂಗಳುಗಳು, ವರ್ಷಗಳು ಕಳೆದ ಮೇಲೆ. ಅಷ್ಟರಲ್ಲಿ ಹಾವು ಕಚ್ಚಿದ್ದನ್ನು ಡಾಕ್ಟರಿಗೆ ಹೇಳಬೇಕೆಂಬುದೇ ಮನೆಯವರಿಗೆ ಮರೆತಿರುತ್ತದೆ.

ಇನ್ನು ಆ ಟಿ.ಎಸ್.ಎಚ್. ಬೋರ್‌ವೆಲ್ ಮೋಟರ್ ಸರಿಯಿದ್ದು ಸ್ಟಾರ್ಟರ್ ಸುಟ್ಟರೆ ನೀರು ಬರುವುದಿಲ್ಲವಲ್ಲ, ಇಲ್ಲಿ ಆಗಿರುವುದೂ ಹಾಗೆಯೇ ಇರಬಹುದು. ಟಿ.ಎಸ್.ಎಚ್. ಎಂಬುದು ಪಿಟ್ಯೂಟರಿಯೇ ಥೈರಾಯ್ಡಿಗೆ ಕಳಿಸುವ ಆದೇಶ. ಥೈರಾಯ್ಡ್ ಕೆಟ್ಟವರಲ್ಲಿ ಅದು ಏರುತ್ತದೆ. ಆದೇಶ ಕೊಡುವ ಗ್ರಂಥಿಯೇ ಕೆಟ್ಟಿದ್ದರೆ ಏರಬೇಕಾದದ್ದು ಏರದೆ ‘ನಾರ್ಮಲ್’ ಎಂದೇ ತೋರಬಹುದು. ಆದ್ದರಿಂದ ಜೊತೆಗೆ ಫ್ರೀ ಟಿ4, ಅಂದರೆ ಥೈರಾಯ್ಡ್ ತಾನೇ ತಯಾರಿಸುವ ಹಾರ್ಮೋನನ್ನು ನೋಡಲೇಬೇಕು. ಅದಕ್ಕಿಂತ ಮುಖ್ಯವಾದದ್ದು ಬೆಳಗ್ಗೆ 8 ಗಂಟೆಯ ಕಾರ್ಟಿಸಾಲ್ (ಪಿಟ್ಯೂಟರಿಯ ಆದೇಶದಂತೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತಯಾರಿಸುವ ಹಾರ್ಮೋನು). ಅದು 3 ಮೈಕ್ರೋಗ್ರಾಮಿಗಿಂತ (ಪ್ರತಿ ಡೆಸಿಲೀಟರಿಗೆ) ಕೆಳಗಿದ್ದರೆ ಕೊರತೆ ಬಹುತೇಕ ಖಚಿತ. 3ರಿಂದ 15ರ ನಡುವೆ ಇದ್ದರೆ ಇನ್ನೊಂದು ಪ್ರಚೋದನಾ ಪರೀಕ್ಷೆ ಬೇಕಾಗುತ್ತದೆ. ಕಾರ್ಟಿಸಾಲ್ ಇಲ್ಲದಿದ್ದರೆ ದೇಹ ನೀರನ್ನು ಹೊರಹಾಕಲಾರದು, ನೀರು ಹೆಚ್ಚಾಗಿ ಸೋಡಿಯಂ ತೆಳುವಾಗುತ್ತದೆ. ಸಲೈನ್ ಏರಿಸಿದಾಗ ನಾಲ್ಕು ದಿನ ಸುಧಾರಿಸಿ ಮತ್ತೆ ಕುಸಿಯುವುದು ಅದಕ್ಕೇ. ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್, ವೃಷಣಗಳಿಗೆ ಪಿಟ್ಯೂಟರಿ ಕಳಿಸುವ ಆದೇಶಗಳಾದ ಎಲ್.ಎಚ್., ಎಫ್.ಎಸ್.ಎಚ್. ಸಹ ಮಾಡಿಸಿರಿ. ಎಂ.ಆರ್.ಐ. ಆಮೇಲೆ ಆದರೂ ನಡೆಯುತ್ತದೆ.

ಮತ್ತೆ ವಾಂತಿಯಾದರೆ, ಮಂಪರು ಬಂದರೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಡಿ, ತುರ್ತು ವಿಭಾಗಕ್ಕೆ ಕರೆದೊಯ್ದು “ಮಂಡಲದ ಹಾವು ಕಚ್ಚಿತ್ತು, ಪಿಟ್ಯೂಟರಿಯ ಶಂಕೆ ಇದೆ” ಎಂದು ಬಾಯಿಬಿಟ್ಟು ಹೇಳಿರಿ.

ಉತ್ತರ 2: ಲ್ಯಾಬ್ ಟೆಕ್ನಿಷಿಯನ್, ಯಾದಗಿರಿ

ಡಾಕ್ಟರ್ ಸಾಹೇಬರ ಮಾತಿಗೆ ಒಂದು ಸೇರ್ಪಡೆ. ಆ ಪುಡಿಯಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ಅದು ನನಗೆ ಚಿಂತೆಯ ವಿಷಯವಾಗಿ ಕಾಣುತ್ತದೆ. ಶಕ್ತಿಗೆ, ಕೀಲುನೋವಿಗೆ ಎಂದು ಹಳ್ಳಿಗಳಲ್ಲಿ ಕೊಡುವ ಪುಡಿ, ಗುಳಿಗೆಗಳಲ್ಲಿ ಕೆಲವೊಮ್ಮೆ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಅದು ಪ್ರೆಡ್ನಿಸೊಲೋನ್ ಆಗಿದ್ದರೆ ನಮ್ಮ ಯಂತ್ರ ಅದನ್ನೂ ಕಾರ್ಟಿಸಾಲ್ ಎಂದು ಎಣಿಸಿ ಸುಳ್ಳು ಹೆಚ್ಚಳ ತೋರಿಸಬಹುದು. ಡೆಕ್ಸಾಮೆಥಸೋನ್ ಆಗಿದ್ದರೆ ಯಂತ್ರಕ್ಕೆ ಕಾಣುವುದಿಲ್ಲ, ಆದರೆ ದೇಹದ ಸ್ವಂತ ಕಾರ್ಟಿಸಾಲನ್ನು ತಗ್ಗಿಸಿಬಿಡುತ್ತದೆ. ಎರಡರಲ್ಲಿ ಯಾವುದಾದರೂ ವರದಿ ದಾರಿ ತಪ್ಪಿಸುತ್ತದೆ. ಪುಡಿಯ ಪೊಟ್ಟಣವನ್ನು ಡಾಕ್ಟರಿಗೆ ತೋರಿಸಿರಿ. ಆದರೆ ಹೇಳದೆ ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಅದರಲ್ಲಿ ನಿಜಕ್ಕೂ ಸ್ಟಿರಾಯ್ಡ್ ಇದ್ದರೆ ದಿಢೀರನೆ ನಿಲ್ಲಿಸಿದಾಗ ರೋಗಿ ಕುಸಿಯಬಹುದು.

ರಕ್ತ ಕೊಡುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾರ್ಟಿಸಾಲ್ ಬೆಳಗಿನ ಜಾವ ಏರಿ ಸಂಜೆಗೆ ಇಳಿಯುತ್ತದೆ. ಚಿತ್ತಾಪುರದಿಂದ ಬಸ್ಸು ಹಿಡಿದು, ಸಾಲಿನಲ್ಲಿ ನಿಂತು ಮಧ್ಯಾಹ್ನ ಹನ್ನೆರಡಕ್ಕೆ ರಕ್ತ ಕೊಟ್ಟರೆ ಆ ಅಂಕಿಗೆ ಅರ್ಥ ಉಳಿಯುವುದಿಲ್ಲ. ಹಿಂದಿನ ರಾತ್ರಿಯೇ ಊರಿಗೆ ಬಂದು ಉಳಿದುಕೊಳ್ಳುವುದು ಒಳ್ಳೆಯದು. ಚೀಟಿಯಲ್ಲಿ ‘ಥೈರಾಯ್ಡ್’ ಎಂದಷ್ಟೇ ಇದ್ದರೆ ಎಷ್ಟೋ ಕಡೆ ಬರೀ ಟಿ.ಎಸ್.ಎಚ್. ಮಾಡಿ ಕಳಿಸುತ್ತೇವೆ, ಫ್ರೀ ಟಿ4 ಎಂದು ಬರೆಸಿಕೊಳ್ಳಿರಿ.

ಪ್ರಶ್ನೆಗೆ ಸಂಬಂಧವಿಲ್ಲದಿದ್ದರೂ ಹೇಳಿಬಿಡುತ್ತೇನೆ: ಡಾಕ್ಟರು ವಿವರಿಸಿದ ಇದೇ ವಿಷವನ್ನು ನಾವು ಕಿಟ್‌ಗಳಲ್ಲಿ ಬಳಸುತ್ತೇವೆ. ಲೂಪಸ್ ಆಂಟಿಕೋಆಗ್ಯುಲಂಟ್ (ರಕ್ತ ಹೆಪ್ಪುಗಟ್ಟುವುದರಲ್ಲಿ ಏರುಪೇರು ಮಾಡುವ ಒಂದು ಪ್ರತಿಕಾಯ) ಪತ್ತೆಗೆ ಮಾಡುವ ಒಂದು ಪರೀಕ್ಷೆ ಕೊಳಕುಮಂಡಲದ ವಿಷವನ್ನು ತೆಳುಗೊಳಿಸಿಯೇ ನಡೆಯುತ್ತದೆ. ಹೊಲದಲ್ಲಿ ಕೊಲ್ಲುವುದು ಶೀಸೆಯಲ್ಲಿ ಕೆಲಸಕ್ಕೆ ಬರುತ್ತದೆ.

ಉತ್ತರ 3: ಭಾಲ್ಕಿಯ ಗೃಹಿಣಿ

ಅಣ್ಣಾವರೇ, ನಾನು ವೈದ್ಯಳಲ್ಲ, ಇದೇ ರೋಗದವಳು. 29ನೆಯ ವಯಸ್ಸಿನಲ್ಲಿ ಸೋಯಾ ಕೊಯ್ಯುವಾಗ ಮಂಡಲದ ಹಾವು ಕಚ್ಚಿತು, ನನಗೂ ಡಯಾಲಿಸಿಸ್ ಆಯಿತು. ಮನೆಗೆ ಬಂದ ಮೇಲೆ ಮುಟ್ಟು ಬರಲೇ ಇಲ್ಲ. ಬೇಗ ನಿಂತಿದೆ, ಕೆಲವರಿಗೆ ಹಾಗಾಗುತ್ತದೆ ಎಂದರು. ನಾಲ್ಕು ವರ್ಷ ಹಾಗೇ ಕಳೆದೆ. ಮೈಗೆ ಚಳಿ, ಒಣ ಚರ್ಮ, ರೊಟ್ಟಿ ತಟ್ಟುವಾಗ ನಡುವೆ ಎರಡು ಸಲ ಗೋಡೆಗೊರಗಿ ಕೂರುವಷ್ಟು ಸುಸ್ತು.

ಒಂದು ಆಸ್ಪತ್ರೆಯಲ್ಲಿ ಫ್ರೀ ಟಿ4 ಕಡಿಮೆ ಇದೆ ಎಂದು ಪತ್ತೆ ಮಾಡಿ ಥೈರಾಯ್ಡ್ ಗುಳಿಗೆ ಕೊಟ್ಟರು. ಅಲ್ಲಿಯವರೆಗೆ ಸರಿಯೇ ಇತ್ತು. ಆದರೆ ಕಾರ್ಟಿಸಾಲ್ ನೋಡಲಿಲ್ಲ. ಗುಳಿಗೆ ಶುರುವಾದ ಹತ್ತೇ ದಿನಕ್ಕೆ ವಾಂತಿ ಹತ್ತಿ, ಬಿ.ಪಿ. ಇಳಿದು, ಎಚ್ಚರ ತಪ್ಪಿ ಬಿದ್ದೆ. ಆಮೇಲೆ ಹೈದರಾಬಾದಿನಲ್ಲಿ ನೋಡಿದ ಹಾರ್ಮೋನು ತಜ್ಞರು ತಿಳಿಸಿ ಹೇಳಿದರು: ಥೈರಾಯ್ಡ್ ಗುಳಿಗೆ ದೇಹದ ಓಟವನ್ನು ಹೆಚ್ಚಿಸಿ ಇದ್ದಬದ್ದ ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿಬಿಡುತ್ತದೆ, ಆದ್ದರಿಂದ ಮೊದಲು ಹೈಡ್ರೋಕಾರ್ಟಿಸೋನ್ (ಕಾರ್ಟಿಸಾಲನ್ನೇ ಔಷಧವಾಗಿ ಕೊಡುವ ಸ್ಟಿರಾಯ್ಡ್) ಕೊಟ್ಟು, ದೇಹ ಸುಧಾರಿಸಿದ ಮೇಲೆಯೇ ಥೈರಾಯ್ಡ್ ಗುಳಿಗೆ ಕೊಡಬೇಕು. ನಿಮ್ಮ ತಮ್ಮನಿಗೆ ಈ ಕ್ರಮ ತಪ್ಪದಂತೆ ನೋಡಿಕೊಳ್ಳಿರಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನೀಗ ಬೆಳಗ್ಗೆ ಎದ್ದ ಕೂಡಲೇ 10, ಮಧ್ಯಾಹ್ನ 5 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ತೆಗೆದುಕೊಳ್ಳುತ್ತೇನೆ. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ 100 ಮಿಲಿಗ್ರಾಮಿನ ಇಂಜೆಕ್ಷನ್. ಅದನ್ನು ದೇವರ ಕೋಣೆಯ ಮಾಡದಲ್ಲಿ ಇಟ್ಟಿದ್ದೇನೆ, ಹಾಕುವುದನ್ನು ನನ್ನ ಮೈದುನ ಕಲಿತಿದ್ದಾನೆ. “ಸ್ಟಿರಾಯ್ಡ್ ತಿಂದರೆ ಎಲುಬು ಸವೆಯುತ್ತದೆ, ಬಿಟ್ಟುಬಿಡು” ಎಂದು ಬಂಧುಗಳು ಹೇಳುತ್ತಲೇ ಇರುತ್ತಾರೆ. ಬೇರೆ ರೋಗಗಳಿಗೆ ಹೆಚ್ಚು ಪ್ರಮಾಣದಲ್ಲಿ ಕೊಡುವ ಮಾತು ಅದು. ನಮಗೆ ಕೊಡುವುದು ಆರೋಗ್ಯವಂತರ ದೇಹ ದಿನಾಲೂ ತಾನೇ ತಯಾರಿಸಿಕೊಳ್ಳುವಷ್ಟನ್ನು ಮಾತ್ರ. ಒಮ್ಮೆ ಅವರ ಮಾತು ಕೇಳಿ ಶ್ರಾವಣದ ಉಪವಾಸದಲ್ಲಿ ಮೂರು ದಿನ ಬಿಟ್ಟೆ. ನಾಲ್ಕನೆಯ ದಿನ ಬೀದರಿಗೆ ಆಂಬುಲೆನ್ಸಿನಲ್ಲಿ ಹೋದೆ.

ಉತ್ತರ 4: ಔಷಧಶಾಸ್ತ್ರ ಸ್ನಾತಕೋತ್ತರ ವಿದ್ಯಾರ್ಥಿ, ಬೀದರ್

ಸಂಶೋಧನೆಯ ಬಗ್ಗೆ ಮಾಸ್ತರರು ಕೇಳಿದ್ದಕ್ಕೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. ಅದಕ್ಕೂ ಮೊದಲು ಒಂದು ಎಚ್ಚರಿಕೆ. ಹಾವು ಕಚ್ಚಿ ಬದುಕಿದವರ ಸುಸ್ತೆಲ್ಲ ಪಿಟ್ಯೂಟರಿಯದ್ದೇ ಆಗಿರುವುದಿಲ್ಲ. ಮೂತ್ರಪಿಂಡ ಪೂರ್ತಿ ಚೇತರಿಸದಿರುವುದು, ರಕ್ತಹೀನತೆ, ಮತ್ತೆ ಹೊಲಕ್ಕೆ ಕಾಲಿಡಲು ಬಿಡದ ಭಯ ಮತ್ತು ಖಿನ್ನತೆ, ಇವೆಲ್ಲವೂ ಇರುತ್ತವೆ. ಈ ಚರ್ಚೆ ಓದಿ ಹಾವು ಕಚ್ಚಿದವರೆಲ್ಲ ಎಂ.ಆರ್.ಐ.ಗೆ ಓಡಬೇಕಾಗಿಲ್ಲ. ಗಡ್ಡ ಅಥವಾ ಮುಟ್ಟು ನಿಲ್ಲುವುದು, ಮತ್ತೆ ಮತ್ತೆ ಸೋಡಿಯಂ ಇಳಿಯುವುದು ಜೊತೆಯಾಗಿ ಬಂದಾಗ ಮಾತ್ರ ಶಂಕೆ ಬಲವಾಗುತ್ತದೆ.

ಪ್ರತಿವಿಷ ಕೊಟ್ಟರೂ ಹೀಗೇಕೆ ಎಂಬ ಪ್ರಶ್ನೆ ಸಹಜ. ಪ್ರತಿವಿಷ ರಕ್ತದಲ್ಲಿ ಓಡಾಡುವ ವಿಷವನ್ನು ಕಟ್ಟಿಹಾಕುತ್ತದೆ. ಆಗಲೇ ಕೂತ ಹೆಪ್ಪನ್ನು ಕರಗಿಸುವುದಿಲ್ಲ, ಸತ್ತ ಜೀವಕೋಶವನ್ನು ಎಬ್ಬಿಸುವುದಿಲ್ಲ. ಆ ಮೂರು ತಾಸಿನ ಬೆಲೆ ಅಲ್ಲಿದೆ. ನಮ್ಮ ದೇಶದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗೆ ಒಟ್ಟಾಗಿ ತಯಾರಾಗುತ್ತದೆ. ಅದಕ್ಕೆ ಬೇಕಾದ ವಿಷ ಬಹುಪಾಲು ಬರುವುದು ಚೆನ್ನೈ ಬಳಿಯ, ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ. ಆದರೆ ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ಸೇರಿದಂತೆ ಹಲವರು ತೋರಿಸಿದ್ದಾರೆ. ನಮ್ಮ ಎರೆ ನೆಲದ ಹಾವಿಗೆ ಅಲ್ಲಿಯ ವಿಷದಿಂದ ಮಾಡಿದ ಔಷಧ ಎಷ್ಟು ಹೊಂದುತ್ತದೆ ಎಂಬುದು ಹಾಗಾಗಿ ಕೇಳಲೇಬೇಕಾದ ಪ್ರಶ್ನೆ.

ಹೊಸ ದಾರಿಗಳೂ ಇವೆ. ವಿಷದಲ್ಲಿರುವ ಫಾಸ್ಫೋಲೈಪೇಸ್ ಎಂಬ ಕಿಣ್ವವನ್ನು ತಡೆಯುವ ವ್ಯಾರೆಸ್ಪ್ಲಾಡಿಬ್ ಗುಳಿಗೆಯನ್ನು ಭಾರತ ಮತ್ತು ಅಮೆರಿಕದ ರೋಗಿಗಳಲ್ಲಿ ಪ್ರತಿವಿಷದ ಜೊತೆಗೇ ಕೊಟ್ಟು ನೋಡಿದರು. ಮುಖ್ಯ ಅಳತೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಕಚ್ಚಿದ 5 ತಾಸಿನೊಳಗೆ ನುಂಗಿದವರಲ್ಲಿ ಮಾತ್ರ ಸ್ವಲ್ಪ ಅನುಕೂಲದ ಸೂಚನೆ ಸಿಕ್ಕಿತು. ಡಾಕ್ಟರು ಹೇಳಿದ ಸತುವಿನ ಕಿಣ್ವಗಳಿಂದ ಸತುವನ್ನೇ ಕಿತ್ತುಕೊಳ್ಳುವ ಯುನಿಥಿಯಾಲ್ ಎಂಬ ಇನ್ನೊಂದು ಔಷಧ ಕೀನ್ಯಾದಲ್ಲಿ ಆರೋಗ್ಯವಂತರ ಮೇಲಿನ ಮೊದಲ ಹಂತದ ಸುರಕ್ಷತಾ ಪರೀಕ್ಷೆಯನ್ನು ದಾಟಿದೆ. ಹೊಲದಲ್ಲೇ ನುಂಗಿ ಆಸ್ಪತ್ರೆಯ ದಾರಿ ಹಿಡಿಯುವಂಥ ಗುಳಿಗೆ ಬಂದರೆ ನಮ್ಮ ತಾಂಡಾಗಳಿಗೆ ಅದರಷ್ಟು ಉಪಯೋಗದ್ದು ಬೇರೊಂದಿಲ್ಲ. ಈಗಂತೂ ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಡೆಗಣಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, 2024ರಲ್ಲಿ ಕರ್ನಾಟಕ ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಯೆಂದು ಘೋಷಿಸಿತು. ಒಳ್ಳೆಯದೇ. ಆದರೆ ಬದುಕಿ ಮನೆಗೆ ಹೋದವರನ್ನು ಆರು ತಿಂಗಳಿಗೊಮ್ಮೆ ಕರೆದು ಒಂದು ಕಾರ್ಟಿಸಾಲ್, ಒಂದು ಫ್ರೀ ಟಿ4 ನೋಡುವ ವ್ಯವಸ್ಥೆ ಆಗದಿದ್ದರೆ, ಈ ತೊಡಕು ನಿಜಕ್ಕೂ ಅಪರೂಪವೋ, ನಾವು ಹುಡುಕದ್ದರಿಂದ ಅಪರೂಪವೋ ಎಂಬುದು ಬಗೆಹರಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ಹದಿನೈದು ದಿನಗಳ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಲ್ಯಾಬಿನ ಅಣ್ಣನವರು ಹೇಳಿದಂತೆ ಹಿಂದಿನ ರಾತ್ರಿಯೇ ಕಲಬುರಗಿಗೆ ಬಂದು ಉಳಿದು, ಬೆಳಗ್ಗೆ ಎಂಟಕ್ಕೆ ರಕ್ತ ಕೊಟ್ಟೆವು. ಕಾರ್ಟಿಸಾಲ್ 1.4. ಫ್ರೀ ಟಿ4 ಮತ್ತು ಟೆಸ್ಟೋಸ್ಟೆರಾನ್ ಎರಡೂ ಬಹಳ ಕಡಿಮೆ. ಟಿ.ಎಸ್.ಎಚ್. ಈ ಸಲವೂ ನಾರ್ಮಲ್ಲೇ ಬಂದಿದೆ. ವರದಿ ಕೈಗೆ ಬಂದಾಗ ಸ್ಟಾರ್ಟರಿನ ಮಾತು ನೆನಪಾಯಿತು. ಎಂ.ಆರ್.ಐ.ಯಲ್ಲಿ ಗ್ರಂಥಿ ಸವೆದು ತೆಳುವಾಗಿದೆ, ಎಲುಬಿನ ಗೂಡು ಹೆಚ್ಚುಕಡಿಮೆ ಖಾಲಿಯಾಗಿದೆ ಎಂದು ಬರೆದಿದ್ದಾರೆ. ಮೊದಲು ಹೈಡ್ರೋಕಾರ್ಟಿಸೋನ್ ಮಾತ್ರ ಶುರು ಮಾಡಿದ್ದಾರೆ. ಭಾಲ್ಕಿಯ ತಂಗಿಯ ಮಾತನ್ನು ನಾನು ಡಾಕ್ಟರಿಗೆ ಹೇಳುವ ಮೊದಲೇ ಅವರು ಅದೇ ಕ್ರಮ ಹೇಳಿದರು. ನಾಲ್ಕನೆಯ ದಿನ ರಾತ್ರಿ ತಮ್ಮ ಎರಡು ರೊಟ್ಟಿ ಉಂಡು, ಪುಂಡಿಪಲ್ಯ ಇನ್ನೊಂದಿಷ್ಟು ಹಾಕು ಎಂದ. ನಮ್ಮ ತಾಯಿ ಒಲೆಯ ಮುಂದೆಯೇ ಕೂತು ಅತ್ತುಬಿಟ್ಟರು.

ಎರಡು ಸಂದೇಹ ಉಳಿದಿವೆ. ಅವನಿಗೆ ಇನ್ನೊಂದು ಮಗು ಬೇಕೆಂಬ ಆಸೆಯಿದೆ, ಅದು ಸಾಧ್ಯವೇ? ಕಾಲಿನ ದಾರವನ್ನು ಬಿಚ್ಚಲು ತಾಯಿ ಒಪ್ಪುತ್ತಿಲ್ಲ, ಏನು ಮಾಡಲಿ?

ಉತ್ತರ: ಫಿಜಿಷಿಯನ್, ಕಲಬುರಗಿ

ಮಗುವಿನ ಆಸೆಯನ್ನು ಟೆಸ್ಟೋಸ್ಟೆರಾನ್ ಶುರು ಮಾಡುವ ಮೊದಲೇ ಎಂಡೋಕ್ರೈನಾಲಜಿಸ್ಟರಿಗೆ (ಹಾರ್ಮೋನು ತಜ್ಞರಿಗೆ) ತಿಳಿಸಿರಿ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಗಡ್ಡವನ್ನೂ ಶಕ್ತಿಯನ್ನೂ ತರುತ್ತದೆ, ಆದರೆ ವೀರ್ಯಾಣುವಿನ ಉತ್ಪತ್ತಿಗೆ ನೆರವಾಗುವುದಿಲ್ಲ, ಇದ್ದದ್ದನ್ನೂ ತಗ್ಗಿಸುತ್ತದೆ. ಮಗು ಬೇಕೆನ್ನುವವರಿಗೆ ಪಿಟ್ಯೂಟರಿಯ ಆದೇಶವನ್ನೇ ಅನುಕರಿಸುವ ಗೊನಡೋಟ್ರೋಪಿನ್ ಇಂಜೆಕ್ಷನ್‌ಗಳಿವೆ. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಖರ್ಚೂ ಇದೆ, ಆದರೆ ದಾರಿ ಮುಚ್ಚಿಲ್ಲ. ಥೈರಾಯ್ಡ್ ಗುಳಿಗೆ ಶುರುವಾದ ಮೇಲೆ ಅದರ ಪ್ರಮಾಣವನ್ನು ಫ್ರೀ ಟಿ4 ನೋಡಿಯೇ ಹೊಂದಿಸಬೇಕು, ಟಿ.ಎಸ್.ಎಚ್. ಅವರ ಪಾಲಿಗೆ ಇನ್ನು ಯಾವತ್ತೂ ಅಳತೆಗೋಲಲ್ಲ, ಇದನ್ನು ಚೀಟಿಯ ಮೇಲೆ ಬರೆದಿಡಿ. ಜ್ವರ, ಶಸ್ತ್ರಚಿಕಿತ್ಸೆ, ಅಪಘಾತದ ಸಂದರ್ಭಗಳಲ್ಲಿ ಸ್ಟಿರಾಯ್ಡ್ ಹೆಚ್ಚಿಸಬೇಕೆಂಬ ಕಾರ್ಡನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಅವರ ಮೊಬೈಲ್ ಕವರಿನೊಳಗೆ ಇಡಿ.

ಪುಡಿಯ ಪೊಟ್ಟಣವನ್ನು ಡಾಕ್ಟರು ನೋಡಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಗುಳಿಗೆ ಶುರುವಾಗಿರುವುದರಿಂದ, ಅವರನ್ನು ಕೇಳಿ ಅದನ್ನು ಈಗ ನಿಲ್ಲಿಸಬಹುದು. ದಾರ ಕಾಲಿನಲ್ಲೇ ಇರಲಿ, ಬಿಗಿಯಾಗದಂತೆ ನೋಡಿಕೊಂಡರೆ ಸಾಕು.